ಶೆಡ್ಡಿನಲ್ಲಿ ಯೆಜ್ಡಿ, ಸ್ಟೇಟಸ್‌ನಲ್ಲಿ ಕಿರ್ದಿ

ಕಂಪ್ಲಿಯಿಂದ ಮಾತಾಡ್ತಿದೀನಿ. ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೂ, ಕೇಳೋಕೆ ಪುರುಸೊತ್ತಿಲ್ಲ ಅಂತ ಇಲ್ಲಿ ಓದ್ತಿರೋರಿಗೂ ಸ್ವಾಗತ.

ಇವತ್ತಿನ ಎಪಿಸೋಡ್ ಹಳೇ ಬೈಕುಗಳ ಬಗ್ಗೆ. ಅದಕ್ಕಿಂತ ಹೆಚ್ಚಾಗಿ, ಹಳೇ ಬೈಕನ್ನ ಮನೇಲೇ ಬಿಚ್ಚಿ, ಮತ್ತೆ ಜೋಡಿಸಿ, ದಿನಾ ಎಷ್ಟು ಕೆಲಸ ಆಯ್ತು ಅಂತ ಫೋನಲ್ಲಿ ಹಾಕೋ ಹುಡುಗರ ಬಗ್ಗೆ. ನಿಮ್ಮ ಕಾಂಟ್ಯಾಕ್ಟ್ ಲಿಸ್ಟಲ್ಲೂ ಅಂಥವನೊಬ್ಬ ಇದ್ದೇ ಇರ್ತಾನೆ. "ದಿನ 14: ಟ್ಯಾಂಕಿನ ತುಕ್ಕು ತೆಗೆದಿದ್ದಾಯ್ತು." "ದಿನ 31: ಬೋರ್ ಮಾಡಿಸೋಕೆ ಹೊಸಪೇಟೆಗೆ." "ದಿನ 58: ಸ್ಪಾರ್ಕ್ ಬರ್ತಿಲ್ಲ, ಯಾರಿಗಾದ್ರೂ ಗೊತ್ತಾ?" ನಾವು ಒಂದು ಬೆಂಕಿ ಇಮೋಜಿ ಒತ್ತಿ ಮುಂದೆ ಹೋಗ್ತೀವಿ.

ನಾನು ಓದಿದ್ದು ಬಿ.ಕಾಂ. ಎಂಜಿನ್ ಬಿಚ್ಚೋಕೆ ಬರಲ್ಲ. ಆದ್ರೆ ಈ ಸ್ಟೇಟಸ್‌ಗಳನ್ನ ನೋಡಿದಾಗೆಲ್ಲ ನನ್ನ ಕಣ್ಣಿಗೆ ಬೀಳೋದು ಲೆಕ್ಕದ ಪುಸ್ತಕ. ದಿನಾಂಕ ಐತಿ, ಮಾಡಿದ ಕೆಲಸ ಐತಿ, ಹೋದ ದುಡ್ಡು ಐತಿ. ದಿನದ ವ್ಯವಹಾರವನ್ನ ಆಗಿಂದಾಗ್ಗೆ ಬರೆದಿಡೋ ಇಂಥ ಪುಸ್ತಕಕ್ಕೆ ಕನ್ನಡದ ಅಂಗಡಿಗಳಲ್ಲಿ ಕಿರ್ದಿ ಅಂತಾರೆ. ನನ್ನ ಇವತ್ತಿನ ಮಾತು ಇಷ್ಟೇ: ಕರ್ನಾಟಕದಲ್ಲೇ ತಯಾರಾದ ಒಂದು ಮೋಟರ್ ಸೈಕಲ್ಲಿನ ವರ್ಕ್‌ಶಾಪ್ ಇತಿಹಾಸವನ್ನ ಈಗ ಬರೀತಿರೋದು ಈ ಹುಡುಗರು. ಆದರೆ ಬರೆದಿದ್ದು 24 ತಾಸಿಗೆ ಅಳಿಸಿಹೋಗ್ತಿದೆ.

ಒಣಗಿದ ಕೆರೆ ಮತ್ತು ಗಡಿಯಾರ

ಮೊದಲು ಸ್ವಲ್ಪ ದೂರ ಹೋಗಿಬರೋಣ. ಅಮೆರಿಕದಲ್ಲಿ ಇಂಥ ಹವ್ಯಾಸಕ್ಕೆ ಹಾಟ್ ರಾಡ್ ಅಂತ ಹೆಸರು. ಹಳೇ ಕಾರು ತಗೊಂಡು, ಬೇಡದ ಭಾರ ಕಿತ್ತುಹಾಕಿ, ಎಂಜಿನ್ನಿಗೆ ಬಲ ತುಂಬಿ ಓಡಿಸೋದು. ಇದು ಶುರುವಾಗೋಕೆ ಕಾರಣ ಹಳೇ ಕಾರು ಅಗ್ಗವಾಗಿ ಸಿಕ್ಕಿದ್ದು. ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಮಾಡೆಲ್ ಟಿ ಅನ್ನೋ ಒಂದೇ ಮಾದರಿಯ ಕಾರನ್ನ ಸುಮಾರು 1.5 ಕೋಟಿ ತಯಾರಿಸ್ತು. 1930ರ ದಶಕಕ್ಕೆ ಅವೆಲ್ಲ ಗುಜರಿ ಬೆಲೆಗೆ ಬಂದಿದ್ವು. 1932ರಲ್ಲಿ ಅದೇ ಫೋರ್ಡ್, ಸಾಮಾನ್ಯ ಜನ ಕೊಳ್ಳೋ ಬೆಲೆಯ ಕಾರಲ್ಲಿ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸ್ತು. ಹಳೇ ಬಾಡಿ, ಹೊಸ ಎಂಜಿನ್. ಹುಡುಗರಿಗೆ ಇನ್ನೇನು ಬೇಕು?

ಓಡಿಸೋಕೆ ಜಾಗವೂ ಸಿಕ್ತು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮುರಾಕ್ ಅನ್ನೋ ಕಡೆ ಒಣಗಿದ ಕೆರೆಯ ಅಂಗಳ ಇತ್ತು, ಮೈಲಿಗಟ್ಟಲೆ ಸಪಾಟು. ಅಲ್ಲಿ ಸೇರಿದ ಹುಡುಗರು 1937ರಲ್ಲಿ ಒಂದು ಸಂಘ ಕಟ್ಟಿದ್ರು. ಅದರ ಹೆಸರು ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್. ಹೆಸರಲ್ಲೇ ಟೈಮಿಂಗ್ ಐತಿ ನೋಡ್ರಿ. "ನನ್ನ ಗಾಡಿ ಜೋರು" ಅಂತ ಬಾಯಲ್ಲಿ ಹೇಳಿದ್ರೆ ನಡೀತಿರಲಿಲ್ಲ. ಗಡಿಯಾರ ಇಟ್ಟು ಅಳೀಬೇಕು, ಬರೆದಿಡಬೇಕು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಅನ್ನೋರು ಹಾಟ್ ರಾಡ್ ಅನ್ನೋ ಹೆಸರಲ್ಲೇ ಮ್ಯಾಗಜಿನ್ ತಂದ್ರು. ಒಬ್ಬ ತನ್ನ ಮನೇಲಿ ಮಾಡಿದ ಕೆಲಸ, ಫೋಟೋ ಸಮೇತ, ಸಾವಿರಾರು ಮೈಲಿ ಆಚೆ ಇದ್ದವನಿಗೆ ಮುಟ್ಟೋಕೆ ಶುರುವಾಯ್ತು. ಮುಂದೆ ಆ ಮ್ಯಾಗಜಿನ್ನಿನ ಸಂಪಾದಕರಾದ ವ್ಯಾಲಿ ಪಾರ್ಕ್ಸ್ 1951ರಲ್ಲಿ ರಾಷ್ಟ್ರೀಯ ಮಟ್ಟದ ಸಂಘವನ್ನೂ ಕಟ್ಟಿದ್ರು.

ನಾನು ಈ ಕಥೆ ಹೇಳಿದ್ದು ವೇಗಕ್ಕಾಗಿ ಅಲ್ಲ. ಆ ಕಾಲದ ಎಷ್ಟೋ ಗಾಡಿಗಳು ಮುರಿದು ಮಣ್ಣಾಗಿವೆ. ಆದ್ರೂ ಯಾವ ವರ್ಷ ಯಾರು ಯಾವ ಎಂಜಿನ್ ಹಾಕಿದ್ರು, ಎಷ್ಟು ಓಡ್ತು ಅನ್ನೋದು ಇವತ್ತಿಗೂ ಸಿಗುತ್ತೆ. ಬರೆದಿಟ್ಟಿದ್ರು, ಅದಕ್ಕೇ ಸಿಗುತ್ತೆ.

ನಮ್ಮಲ್ಲಿ ಗ್ಯಾರೇಜ್ ಅಂದ್ರೆ

ಈಗ ನಮ್ಮ ಕಡೆ ಬರೋಣ. ಕಂಪ್ಲಿಯಲ್ಲಿ ಗ್ಯಾರೇಜ್ ಅಂದ್ರೆ ಮೆಕ್ಯಾನಿಕ್ ಅಂಗಡಿ. ಮನೆಗೆ ಅಂಟಿಕೊಂಡ ಕಾರಿನ ಕೋಣೆ ಎಷ್ಟು ಮನೆಗಳಲ್ಲಿ ಐತಿ ಹೇಳ್ರಿ? ಇಲ್ಲಿ ಹವ್ಯಾಸದ ಕೆಲಸ ನಡೆಯೋದು ತಗಡಿನ ಶೆಡ್ಡಲ್ಲಿ, ಹಿತ್ತಲಲ್ಲಿ, ಎಮ್ಮೆ ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೇಲಿ. ಭತ್ತದ ಚೀಲದ ಪಕ್ಕ ಕಾರ್ಬುರೇಟರ್ ಇರುತ್ತೆ. ಅಮ್ಮ ಬೈತಾ ಇರ್ತಾರೆ.

ಹಾಟ್ ರಾಡ್ ತರಹ ಕಾರು ಕತ್ತರಿಸೋ ಹವ್ಯಾಸ ನಮ್ಮಲ್ಲಿ ಯಾಕೆ ದೊಡ್ಡದಾಗಲಿಲ್ಲ? ಹಳೇ ಚೆನ್ನೈ ಹತ್ತಿರ ಶೋಲಾವರಂ ಅನ್ನೋ ಕಡೆ, ಯುದ್ಧಕಾಲದ ವಿಮಾನದ ರನ್‌ವೇ ಮೇಲೆ 1950ರ ದಶಕದಿಂದ ರೇಸ್ ನಡೀತಿತ್ತು. ಕೈಯಿಂದಲೇ ಕಟ್ಟಿದ ಗಾಡಿಗಳೂ ಅಲ್ಲಿ ಓಡ್ತಿದ್ವು. ಆದ್ರೆ ಅದು ದುಡ್ಡಿದ್ದ ಕೆಲವರ ಆಟ. ಲೈಸೆನ್ಸ್ ರಾಜ್ ಕಾಲದಲ್ಲಿ ಎಷ್ಟು ಗಾಡಿ ತಯಾರಿಸಬೇಕು ಅನ್ನೋದಕ್ಕೂ ಸರಕಾರದ ಪರವಾನಗಿ ಬೇಕಿತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಅಷ್ಟು ಕಾದು ತಂದ ಗಾಡಿಯನ್ನ ಯಾರು ಗರಗಸ ಹಾಕಿ ಕೊಯ್ತಾರೆ? ಹಾಗಾಗಿ ನಮ್ಮಲ್ಲಿ ಬೆಳೆದ ಕೈಚಳಕ ಬೇರೆ: ಇರೋ ಗಾಡಿಯನ್ನ ಸಾಯೋಕೆ ಬಿಡದೆ ಓಡಿಸ್ತಾ ಇರೋದು. ಆ ಕೈಚಳಕಕ್ಕೆ ಕರ್ನಾಟಕದಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಕೊಟ್ಟಿದ್ದು ಜಾವಾ, ಯೆಜ್ಡಿ.

ಯಾದವಗಿರಿಯಿಂದ ಹೊರಟ ಗಾಡಿ

ಜಾವಾ ಮೂಲತಃ ಚೆಕ್ ದೇಶದ್ದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಅನ್ನೋ ಉದ್ಯಮಿ, ಜರ್ಮನಿಯ ವಾಂಡರರ್ ಕಂಪನಿಯ ಬೈಕ್ ವಿಭಾಗವನ್ನ ತಗೊಂಡು, ತನ್ನ ಹೆಸರಿನ ಎರಡಕ್ಷರ, ಅದರ ಹೆಸರಿನ ಎರಡಕ್ಷರ ಸೇರಿಸಿ ಜಾವಾ ಅಂತ ಹೆಸರಿಟ್ಟ. ನಮ್ಮ ದೇಶಕ್ಕೆ ಮೊದಲು ಇವು ಆಮದಾಗಿ ಬರ್ತಿದ್ವು. 1950ರ ದಶಕದಲ್ಲಿ ಪೂರ್ತಿ ಜೋಡಿಸಿದ ಬೈಕಿನ ಆಮದು ನಿಂತಾಗ, ಅದನ್ನ ಮಾರ್ತಿದ್ದ ರುಸ್ತುಂ ಇರಾನಿ, ಫಾರೂಕ್ ಇರಾನಿ ಇಲ್ಲೇ ತಯಾರಿಸೋಕೆ ನಿರ್ಧರಿಸಿದ್ರು. ಜಾಗ ಮೈಸೂರಿನ ಯಾದವಗಿರಿ. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಬೆಂಬಲವೂ ಸಿಕ್ತು. 1960ರಲ್ಲಿ ಐಡಿಯಲ್ ಜಾವಾ ಕಂಪನಿ, 1961ರಲ್ಲಿ ಉತ್ಪಾದನೆ.

1973ರಿಂದ ಗಾಡಿ ಮೇಲೆ ಯೆಜ್ಡಿ ಅನ್ನೋ ಹೆಸರು ಬಂತು. ಮೈಸೂರು ರಾಜ್ಯ ಕರ್ನಾಟಕ ಆಗಿದ್ದೂ ಅದೇ ವರ್ಷದ ನವೆಂಬರ್ 1ಕ್ಕೆ. ರಾಜ್ಯಕ್ಕೂ ಬೈಕಿಗೂ ಒಂದೇ ವರ್ಷ ಹೊಸ ಹೆಸರು! 1978ರಲ್ಲಿ ರೋಡ್‌ಕಿಂಗ್ ಬಂತು. ನಮ್ಮ ಅಪ್ಪ, ಚಿಕ್ಕಪ್ಪಂದಿರ ತಲೆಮಾರಿನೋರು ಇವತ್ತಿಗೂ "ರೋಡ್‌ಕಿಂಗ್" ಅನ್ನುವಾಗ ದನಿ ಸ್ವಲ್ಪ ಎತ್ತರಿಸ್ತಾರೆ, ಗಮನಿಸಿ.

ಈ ಗಾಡಿಯ ಗುಣ ಗೊತ್ತಿಲ್ಲದೋರಿಗೆ ಎರಡು ಮಾತು. ಎಂಜಿನ್ ಟೂ ಸ್ಟ್ರೋಕ್, ಅಂದ್ರೆ ಪೆಟ್ರೋಲಿಗೆ ಆಯಿಲ್ ಬೆರೆಸಿ ಹಾಕಬೇಕು. ಹಳೇ 250 ಜಾವಾದಲ್ಲಿ ಸಿಲಿಂಡರಿನ ಬಾಯಿ 65 ಮಿ.ಮೀ., ಪಿಸ್ಟನ್ ಓಡೋ ದೂರ 75 ಮಿ.ಮೀ. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಕಿಕ್ ಹೊಡೆಯೋ ಲಿವರೇ ಗೇರ್ ಲಿವರ್. ಕಿಕ್ ಹೊಡೆದು ಸ್ಟಾರ್ಟ್ ಆದ ಮೇಲೆ ಅದೇ ಲಿವರನ್ನ ಮುಂದಕ್ಕೆ ಮಡಚಿ ಗೇರ್ ಹಾಕಬೇಕು. ಅದನ್ನ ಒತ್ತಿದಾಗ ಕ್ಲಚ್ಚೂ ತಾನೇ ಬಿಡುತ್ತೆ. ಇಷ್ಟು ಸರಳವಾಗಿ ಕಾಣೋ ಈ ಜೋಡಣೆ ಸರಿಯಾಗಿ ಕೂರಬೇಕಾದ್ರೆ ಒಳಗಿನ ಅಳತೆಗಳು ಕರಾರುವಾಕ್ಕಾಗಿ ಇರಬೇಕು. ಈ ಮಾತು ನೆನಪಿಟ್ಟುಕೊಳ್ರಿ, ಮುಂದೆ ಬೇಕಾಗುತ್ತೆ.

1980ರ ದಶಕದ ನಡುವೆ ಜಪಾನಿ ಕಂಪನಿಗಳ ಜೊತೆ ಕೈಜೋಡಿಸಿದ 100 ಸಿಸಿ ಬೈಕುಗಳು ಬಂದ್ವು. 1985ರಲ್ಲೇ ಹೀರೋ ಹೋಂಡಾ ಸಿಡಿ 100, ಯಮಹಾ ಆರ್‌ಎಕ್ಸ್ 100. ಒಂದು ಕಡಿಮೆ ಪೆಟ್ರೋಲ್ ಕುಡೀತಿತ್ತು, ಇನ್ನೊಂದು ಹಗುರ, ಚುರುಕು. 1991ರಲ್ಲಿ ಹೊಗೆಯ ಮಿತಿ ಬಂತು, 1996ರಲ್ಲಿ ಅದು ಇನ್ನೂ ಬಿಗಿಯಾಯ್ತು. ಅದೇ 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ಮುಂದೆ ಕಂಪನಿ ಲಿಕ್ವಿಡೇಟರ್ ಕೈಗೆ ಹೋಯ್ತು.

ಕಾಮರ್ಸ್ ಓದಿದೋರಿಗೆ ಲಿಕ್ವಿಡೇಷನ್ ಅಂದ್ರೆ ಗೊತ್ತು. ಜಮೀನಿಗೆ ಬೆಲೆ ಕಟ್ತಾರೆ, ಮೆಷಿನ್ನಿಗೆ ಬೆಲೆ ಕಟ್ತಾರೆ, ಸಾಲಗಾರರ ಪಟ್ಟಿ ಮಾಡ್ತಾರೆ. ಆದ್ರೆ ಮೂವತ್ತೈದು ವರ್ಷ ಅದೇ ಎಂಜಿನ್ ಜೋಡಿಸಿದ ಕೈಗಳಿಗೆ ಗೊತ್ತಿದ್ದ ಸಂಗತಿಗಳಿಗೆ ಆ ಪಟ್ಟಿಯಲ್ಲಿ ಕಾಲಂ ಇಲ್ಲ. ಅದು ಕಾರ್ಮಿಕರ ಜೊತೆ ಮನೆಗೆ ಹೋಯ್ತು. ಸ್ವಲ್ಪ ಊರೂರಿನ ಮೆಕ್ಯಾನಿಕ್‌ಗಳ ತಲೇಲಿ ಉಳೀತು.

2018ರಲ್ಲಿ ಜಾವಾ ಹೆಸರು, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಶೋರೂಮಿಗೆ ಬಂದಿವೆ. ಆದ್ರೆ ಅವು ಫೋರ್ ಸ್ಟ್ರೋಕ್ ಗಾಡಿಗಳು, ಎಂಜಿನ್ನೇ ಬೇರೆ. ಹಳೇ ಗಾಡಿಯ ಕ್ರ್ಯಾಂಕಿಗೆ ಹೊಸ ಶೋರೂಮಲ್ಲಿ ಔಷಧಿ ಇಲ್ಲ.

ಗೋಡೆ ಮೇಲಿನ ಸುಣ್ಣದ ಅಂಕಿ

ಹಾಗಾದ್ರೆ ಪಾರ್ಟ್ ಎಲ್ಲಿಂದ ಬರುತ್ತೆ? ಲೇತ್‌ನಿಂದ. ಹೊಸಪೇಟೆ, ಸಂಡೂರು ಕಡೆ ಅದಿರು ಲಾರಿಗಳ ಕಾಲದಲ್ಲಿ ಲೇತ್ ಶಾಪುಗಳಿಗೆ ಕೈತುಂಬ ಕೆಲಸ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿ ನಿಂತ್ವು, ಲಾರಿ ನಂಬಿದೋರೂ ನಿಂತ್ರು. ಆ ದಿನಗಳನ್ನ ಕಂಡ ಒಬ್ಬ ಹಿರಿಯ ಲೇತ್ ಮೇಸ್ತ್ರಿ ಹತ್ರ ನಾನು ಈ ಎಪಿಸೋಡಿಗಾಗಿ ಕೂತು ಮಾತಾಡಿದೆ. ಹುಡುಗರೆಲ್ಲ ಅವರನ್ನ ಚಾಚಾ ಅಂತಾರೆ. ಯೆಜ್ಡಿ ಬುಷ್ಷು ಮಾಡಿಕೊಡೋದ್ರಲ್ಲಿ ಎತ್ತಿದ ಕೈ.

"ಅಳತೆ ಎಲ್ಲಿ ಬರೆದಿಟ್ಟಿದೀರಿ ಚಾಚಾ?" ಅಂದೆ. ಗೋಡೆ ತೋರಿಸಿದ್ರು. ಚಾಕ್‌ಪೀಸಲ್ಲಿ ಬರೆದ ಅಂಕಿಗಳು, ಒಂದರ ಮೇಲೊಂದು. ಯಾವುದು ಯಾವ ಗಾಡೀದು ಅಂತ ಅವರಿಗೆ ಮಾತ್ರ ಗೊತ್ತು. "ಮುಂದಿನ ಸಲ ಸುಣ್ಣ ಹೊಡೆಸಿದ್ರೆ?" ಅಂದೆ. "ಕೈಗೆ ಗೊತ್ತೈತಿ ಬಿಡಪಾ" ಅಂತ ನಕ್ಕರು. ಅವರ ಮಗ ಬೆಂಗಳೂರಲ್ಲಿ ಕೆಲಸದಲ್ಲಿದಾನೆ. ಆ ಅಂಗಡಿಯಲ್ಲಿ ಈಗ ಕೆಲಸ ಕಲಿಯೋ ಹುಡುಗರು ಯಾರೂ ಇಲ್ಲ.

ಈ ಚಾಚಾ ಮಾಡಿದ ಬುಷ್ಷಿನ ಅಳತೆ ಒಂದೇ ಒಂದು ಬೇರೆ ಕಡೆ ಇತ್ತು. ನನ್ನ ಗೆಳೆಯನೊಬ್ಬ ಕಂಪ್ಲಿಯಲ್ಲಿ ತನ್ನ ಮಾವನ ರೋಡ್‌ಕಿಂಗ್ ಎಬ್ಬಿಸ್ತಿದಾನೆ. ವರ್ನಿಯರ್ ಹಿಡಿದು ಬುಷ್ ಅಳೆದು, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದ್ದ. ನೋಡಿದೋರು 140 ಚಿಲ್ಲರೆ ಜನ. ಮರುದಿನ ಅದು ಇರಲಿಲ್ಲ. ಎರಡು ತಿಂಗಳಾದ ಮೇಲೆ ಗಂಗಾವತಿಯ ಇನ್ನೊಬ್ಬ ಹುಡುಗ ಅದೇ ಅಳತೆ ಕೇಳಿದಾಗ, ಫೋನಿನ ಮೆಮೊರಿ ತುಂಬಿ ಫೋಟೋ ಡಿಲೀಟ್ ಆಗಿತ್ತು. ಗಂಗಾವತಿಯವನು ತನ್ನ ಹಳೇ ಬುಷ್ ಹಿಡ್ಕೊಂಡು, ಹೊಳೆ ದಾಟಿ, ಹೊಸಪೇಟೆಗೇ ಬರಬೇಕಾಯ್ತು.

ಹರಿಗೋಲಿನ ತೊಗಲು

"ಒಂದು ಬುಷ್ಷಿನ ಅಳತೆಗೆ ಇಷ್ಟೊಂದು ಮಾತು ಯಾಕೆ?" ಅಂತ ನೀವು ಕೇಳಬಹುದು. ಅದಕ್ಕೆ ನಮ್ಮ ಹೊಳೆಯ ಉದಾಹರಣೆ ಕೊಡ್ತೀನಿ.

ಕಂಪ್ಲಿ, ಆನೆಗೊಂದಿ, ಹಂಪಿ ಕಡೆ ಹರಿಗೋಲು ಎಲ್ಲರಿಗೂ ಗೊತ್ತು. ಬಿದಿರಿನ ದುಂಡನೆ ಬುಟ್ಟಿ. ಈಗ ಹೊರಗೆ ಪ್ಲಾಸ್ಟಿಕ್ ಹಾಳೆ ಹಾಕಿ, ಟಾರು ಬಳೀತಾರೆ. ಮೊದಲು ಹೇಗಿತ್ತು? 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನ ನೋಡಿ ಬರೆದಿಟ್ಟಿದಾನೆ: ಬುಟ್ಟಿಯಂಥ ದುಂಡು ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸ್ತಾರೆ ಅಂತ. ತೊಗಲು ಹೋಗಿ ಪ್ಲಾಸ್ಟಿಕ್ ಬಂದಿದೆ, ಆಕಾರ ಹಾಗೇ ಇದೆ ಅಂತ ನಾವು ಇವತ್ತು ಹೇಳೋಕೆ ಸಾಧ್ಯ ಆಗಿದ್ದು ಆತ ಬರೆದಿಟ್ಟ ಒಂದೆರಡು ಸಾಲಿನಿಂದ. ಆತ ದೋಣಿ ಮಾಡೋನಲ್ಲ, ದಾರಿಹೋಕ. ಕಂಡಿದ್ದನ್ನ ಬರೆದ, ಅಷ್ಟೇ.

ಮಾಡೋರು ಬರೆಯಲ್ಲ, ಯಾಕಂದ್ರೆ ಅವರ ಕೈಗೆ ಗೊತ್ತಿರುತ್ತೆ. ನೋಡೋರು ಬರೆದ್ರೆ ಹೊರಗಿನ ಆಕಾರ ಮಾತ್ರ ಸಿಗುತ್ತೆ. ಶೆಡ್ಡಿನ ಹುಡುಗರು ಮಾಡೋರೂ ಹೌದು, ದಿನಾ ಬರೆಯೋರೂ ಹೌದು. ಇಂಥ ಜೋಡಿ ನಮ್ಮ ಚರಿತ್ರೆಯಲ್ಲಿ ಅಪರೂಪ. ಅದಕ್ಕೇ ನನಗೆ ಈ ಸ್ಟೇಟಸ್‌ಗಳ ಬಗ್ಗೆ ಇಷ್ಟು ಆಸೆ, ಇಷ್ಟು ಹೊಟ್ಟೆಯುರಿ.

ಕಾನೂನಿನ ಲೆಕ್ಕ

ಇನ್ನೊಂದು ಕಾರಣ ದುಡ್ಡು, ಕಾನೂನಿಗೆ ಸಂಬಂಧಿಸಿದ್ದು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಇರೋ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಗಾಡಿಯನ್ನ ಮಾರ್ಪಾಡು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಗಟ್ಟಿಯಾಗಿ ಹೇಳ್ತು. ಅಂದ್ರೆ ಅಮೆರಿಕದ ಹಾಟ್ ರಾಡ್ ತರಹ ಬೇರೆ ಎಂಜಿನ್ ತಂದು ಕೂರಿಸಿ ರಸ್ತೆಗೆ ಇಳಿಸೋ ಆಸೆ ಇದ್ರೆ, ರೀಲ್ಸ್ ನೋಡಿ ಗರಗಸ ಎತ್ಕೋಬೇಡಿ.

ಇನ್ನೊಂದು ಕಡೆ, 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಕೇಂದ್ರ ಸರಕಾರ ಪ್ರತ್ಯೇಕ ನಿಯಮ ತಂತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ. ನಂತರ ಮರು ನೋಂದಣಿಗೆ 5,000. ನಂಬರ್ ಪ್ಲೇಟಲ್ಲಿ ವಿಎ ಅನ್ನೋ ಅಕ್ಷರ ಬರುತ್ತೆ. ದಿನಾ ಸಂತೆಗೆ ಹೋಗೋಕೆ ಅದನ್ನ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಂಥದ್ದಕ್ಕೆ ಮಾತ್ರ.

ಈಗ ಲೆಕ್ಕ ಹಾಕ್ರಿ. 1973ರ ಮೊದಲ ಯೆಜ್ಡಿಗಳು 2023ಕ್ಕೆ 50 ದಾಟಿವೆ. 1978ರ ರೋಡ್‌ಕಿಂಗ್ 2028ಕ್ಕೆ ದಾಟುತ್ತೆ. 1996ರಲ್ಲಿ ಹೊರಬಂದ ಕೊನೇ ಗಾಡಿ 2046ಕ್ಕೆ. ಅಷ್ಟರವರೆಗೆ ಚಾಸಿ, ಎಂಜಿನ್ ಮೂಲದ್ದೇ ಉಳೀಬೇಕು. ಇವತ್ತು ಶೆಡ್ಡಿನಲ್ಲಿ "ಇದು ಯಾಕೆ ಬೇಕು" ಅಂತ ಗುಜರಿಗೆ ಹಾಕಿದ ಎಂಜಿನ್ ಕೇಸು, ನಾಳೆ ಆ ಗಾಡಿಯ ಗುರುತೇ ಆಗಿರಬಹುದು. ಹಳೇ 6 ವೋಲ್ಟಿನ ವೈರಿಂಗ್ ತೆಗೆದು 12 ವೋಲ್ಟ್ ಮಾಡಿಸೋರು ಬಹಳ ಜನ. ರಾತ್ರಿ ಕಂಪ್ಲಿ ರಸ್ತೇಲಿ ಲೈಟು ಕಾಣಬೇಕಲ್ಲ, ತಪ್ಪಿಲ್ಲ. ಆದ್ರೆ ಯಾವುದು ತೆಗೆದೆ, ಏನು ಹಾಕಿದೆ ಅಂತ ಬರೆದು, ತೆಗೆದಿದ್ದನ್ನ ಡಬ್ಬಿಯಲ್ಲಿ ಇಟ್ಟರೆ, ಮುಂದಿನವನು ವಾಪಸ್ ಜೋಡಿಸಬಹುದು.

ಕಿರ್ದಿಯಿಂದ ಖತಾವಣಿಗೆ

ಈಗ ನನ್ನ ಬಿ.ಕಾಂ. ಕೆಲಸಕ್ಕೆ ಬರೋ ಜಾಗ. ಮುಂಚೆ ನಮ್ಮ ವ್ಯಾಪಾರಿಗಳು ಕಡತ ಅಂತ ಇಟ್ಕೊಳ್ತಿದ್ರು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೀತಿದ್ರು. ಬೇಡವಾದ್ರೆ ಅಳಿಸಿ ಮತ್ತೆ ಬರೀಬಹುದಿತ್ತು. ಅಳಿಸೋ ಸೌಕರ್ಯ ಇತ್ತು, ಆದ್ರೆ ಯಾವಾಗ ಅಳಿಸಬೇಕು ಅನ್ನೋದು ಬರೆದವನ ಕೈಯಲ್ಲಿತ್ತು. ಸ್ಟೇಟಸ್‌ನಲ್ಲಿ ಆ ನಿರ್ಧಾರ ನಮ್ಮದಲ್ಲ. 24 ತಾಸು ಆಯ್ತಾ, ಹೋಯ್ತು.

ಲೆಕ್ಕದಲ್ಲಿ ಎರಡು ಪುಸ್ತಕ. ಕಿರ್ದಿಯಲ್ಲಿ ದಿನದ ಪ್ರಕಾರ ಬರೀತೀವಿ. ಆಮೇಲೆ ಅದನ್ನ ಖತಾವಣಿಗೆ ಏರಿಸ್ತೀವಿ, ಅಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಖಾತೆ. ಶೆಡ್ಡಿನ ಹುಡುಗರ ಹತ್ರ ಕಿರ್ದಿ ಚೆನ್ನಾಗೈತಿ, ಖತಾವಣಿ ಇಲ್ಲ. "ದಿನ 58" ಅಂತ ಹುಡುಕಿದ್ರೆ ಇನ್ನೊಬ್ಬನಿಗೆ ಏನೂ ಸಿಗಲ್ಲ. "ಕ್ಲಚ್" ಅಂತ ಹುಡುಕಿದ್ರೆ ಸಿಗಬೇಕು.

ಹಾಗಾಗಿ ಒಂದು ನೂರು ಪುಟದ ನೋಟ್‌ಬುಕ್ ತಗೊಳ್ರಿ. ಟ್ಯಾಂಕಿಗೆ ಒಂದು ಪುಟ, ಬೋರಿಗೆ ಒಂದು, ಕ್ಲಚ್ಚಿಗೆ ಒಂದು, ವೈರಿಂಗಿಗೆ ಎರಡು. ಪ್ರತಿ ಪುಟದಲ್ಲಿ ನಾಲ್ಕು ವಿಷಯ: ಸಿಕ್ಕಾಗ ಏನಿತ್ತು, ಅಳತೆ ಎಷ್ಟು, ಏನು ಬದಲಿಸಿದೆ, ಯಾರ ಕೈಯಲ್ಲಿ ಮಾಡಿಸಿದೆ. ನಾಲ್ಕನೇದು ಬಿಡಬೇಡಿ. ಆ ಮೇಸ್ತ್ರಿಗಳ ಹೆಸರು ಬೇರೆ ಯಾವ ಪುಸ್ತಕದಲ್ಲೂ ಬರಲ್ಲ. ಅವರನ್ನ ಕೇಳಿ, ಒಪ್ಪಿದ್ರೆ ಬರೀರಿ.

ಫೋಟೋ ತೆಗೆಯುವಾಗ ಒಂದು ಉಪಾಯ, ಇದೂ ನಮ್ಮ ಹಂಪಿಯದ್ದೇ. 1856ರಲ್ಲಿ ಅಲೆಗ್ಸಾಂಡರ್ ಗ್ರೀನ್ಲಾ ಅನ್ನೋ ಸೈನ್ಯಾಧಿಕಾರಿ ಹಂಪಿಯ ಫೋಟೋ ತೆಗೆದ, ಕಾಗದದ ನೆಗೆಟಿವ್ ಮೇಲೆ. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಅದೇ ಜಾಗದಲ್ಲಿ ನಿಂತು, ಅದೇ ಕೋನದಲ್ಲಿ ಮತ್ತೆ ತೆಗೆದ್ರು. ಎರಡನ್ನೂ ಪಕ್ಕಪಕ್ಕ ಇಟ್ಟರೆ 127 ವರ್ಷದಲ್ಲಿ ಯಾವ ಕಂಬ ಬಿತ್ತು, ಯಾವುದನ್ನ ದುರಸ್ತಿ ಮಾಡಿದ್ರು ಅಂತ ಕಣ್ಣಿಗೆ ಕಾಣುತ್ತೆ. ನಿಮ್ಮ ಶೆಡ್ಡಿನಲ್ಲೂ ನೆಲದ ಮೇಲೆ ಒಂದು ಗುರುತು ಮಾಡಿ, ಅಲ್ಲೇ ನಿಂತು ತೆಗೀರಿ. ಪಾರ್ಟಿನ ಪಕ್ಕ ಒಂದು ಸ್ಕೇಲ್ ಇಡ್ರಿ. ಚಂದಕ್ಕೆ ಫಿಲ್ಟರ್ ಹಾಕಿದ ಫೋಟೋ ಸ್ಟೇಟಸ್‌ಗೆ ಇರಲಿ, ಫಿಲ್ಟರ್ ಇಲ್ಲದ್ದು ಖತಾವಣಿಗೆ.

ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಬೆಂಗಳೂರು, ಮೈಸೂರು ಸೇರಿ ಎಷ್ಟೋ ಊರಲ್ಲಿ ಗಾಡಿಗಳು ಸಾಲಾಗಿ ನಿಲ್ತಾವೆ, ಜನ ಸೆಲ್ಫಿ ತಗೋತಾರೆ. ಈ ಸಲ ಹೋಗೋರು ಗಾಡಿ ಜೊತೆ ಆ ನೋಟ್‌ಬುಕ್ಕನ್ನೂ ತಗೊಂಡು ಹೋಗ್ರಿ. ಪಕ್ಕದವನ ಕ್ಲಚ್ ಪುಟ ನೀವು ನಕಲು ಮಾಡ್ಕೊಳ್ಳಿ, ನಿಮ್ಮ ವೈರಿಂಗ್ ಪುಟ ಅವನಿಗೆ ಕೊಡಿ. ಮೈಸೂರಿನ ಕಾರ್ಖಾನೆಯ ಬಾಗಿಲು ಮತ್ತೆ ತೆರೆಯಲ್ಲ. ಆದ್ರೆ ಒಳಗೆ ಗೊತ್ತಿದ್ದ ಸಂಗತಿಗಳನ್ನ ಹೊರಗೆ, ನೂರು ಶೆಡ್ಡಿನಲ್ಲಿ, ಪುಟ ಪುಟವಾಗಿ ಮತ್ತೆ ಕೂಡಿಸಬಹುದು.

ನನ್ನ ಗೆಳೆಯ ಈಗ ನೋಟ್‌ಬುಕ್ ಶುರುಮಾಡಿದಾನೆ. ಮೊದಲ ಪುಟಕ್ಕೆ ಚಾಚಾನ ಗೋಡೆಯ ಅಂಕಿಗಳನ್ನ ಇಳಿಸಿಕೊಂಡು ಬರೋಕೆ ಈ ಭಾನುವಾರ ಇಬ್ಬರೂ ಹೊಸಪೇಟೆಗೆ ಹೊರಟಿದೀವಿ. ದೀಪಾವಳಿಗೆ ಅವರು ಸುಣ್ಣ ಹೊಡೆಸ್ತಾರಂತೆ.

ನಿಮ್ಮ ಮನೆ ಹಿತ್ತಲಲ್ಲಿ ಯಾವ ಗಾಡಿ ಮಲಗೈತಿ, ಅದರ ಬಗ್ಗೆ ನಿಮ್ಮಪ್ಪ, ಅಜ್ಜ, ಊರ ಮೆಕ್ಯಾನಿಕ್ ಏನು ಹೇಳ್ತಾರೆ, ವಾಯ್ಸ್ ನೋಟ್ ಕಳಿಸ್ರಿ. ಒಳ್ಳೇವನ್ನ ಮುಂದಿನ ಎಪಿಸೋಡಲ್ಲಿ ಹಾಕ್ತೀನಿ. ಬರ್ತೀನ್ರೀ, ಹೆಲ್ಮೆಟ್ ಹಾಕ್ಕೊಂಡು ಓಡಿಸ್ರಿ.